ಒಂಬತ್ತನೆಯ ಸುರುಳಿ

ಕಾರ್ಖಾನೆ ರಸ್ತೆಯ ಕೊನೆಯಲ್ಲಿ ಸುಟ್ಟ ಮೋಟಾರುಗಳಿಗೆ ಮರುಜನ್ಮ ಕೊಡುವ ಅಂಗಡಿಯೊಂದಿದೆ. ನೀರೆತ್ತುವ ಪಂಪು, ಗಿರಣಿಯ ಮೋಟಾರು, ಫ್ಯಾನು, ಏನೇ ಸುಟ್ಟರೂ ಅಲ್ಲಿಗೆ ಬರುತ್ತದೆ. ಒಳಗೆ ಕರಕಲಾದ ತಾಮ್ರದ ತಂತಿಯನ್ನು ಕಿತ್ತು ಬಿಸಾಡಿ, ಹೊಸ ತಂತಿ ಸುತ್ತಿ ಕಳಿಸುತ್ತಾರೆ. ಅಲ್ಲಿ ಮೂವತ್ತೊಂಬತ್ತು ವರ್ಷದಿಂದ ಒಂದೇ ಸ್ಟೂಲಿನ ಮೇಲೆ ಕೂತಿರುವವನನ್ನು ಎಲ್ಲರೂ ಮುಳ್ಳಪ್ಪ ಎನ್ನುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದು ಮತದಾರರ ಪಟ್ಟಿಯಲ್ಲಿ ಹಾಯಾಗಿದೆ.

ಮುಳ್ಳಪ್ಪ ಎನ್ನಲು ಕಾರಣ ಅವನ ಅಂಗಿಯ ಜೇಬಿನಲ್ಲಿರುವ ದಿಕ್ಸೂಚಿ. ಸುತ್ತಿ ಮುಗಿಸಿದ ತಂತಿಯ ಸುರುಳಿಗೆ ಸಣ್ಣ ಬ್ಯಾಟರಿಯಿಂದ ಒಂದು ಚೂರು ಕರೆಂಟು ಕೊಟ್ಟರೆ ಆ ಸುರುಳಿ ಅಯಸ್ಕಾಂತವಾಗುತ್ತದೆ. ಮೇಲೆ ದಿಕ್ಸೂಚಿ ಹಿಡಿದರೆ ಮುಳ್ಳು ಒಂದು ಕಡೆಗೆ ತಿರುಗುತ್ತದೆ. ಒಂದು ಗುಂಪಿನ ಎಲ್ಲ ಸುರುಳಿಗಳ ಮೇಲೂ ಮುಳ್ಳು ಒಂದೇ ಕಡೆಗೆ ತಿರುಗಬೇಕು. ಒಂದು ಉಲ್ಟಾ ತಿರುಗಿತೋ, ಅದನ್ನು ಉಲ್ಟಾ ಸುತ್ತಿದ್ದಾರೆ ಎಂದರ್ಥ. ಅದು ಪಕ್ಕದವರ ಕೆಲಸವನ್ನೆಲ್ಲ ಕೆಡಿಸುತ್ತದೆ. ಸುರುಳಿ ಯಾರೇ ಸುತ್ತಿರಲಿ, ಅಂಗಡಿಯ ಯಜಮಾನನೇ ಸುತ್ತಿರಲಿ, ಮುಳ್ಳಪ್ಪ ಅದಕ್ಕೆ ಮುಳ್ಳು ತೋರಿಸದೆ ಆ ಅಂಗಡಿಯಿಂದ ಒಂದು ಫ್ಯಾನೂ ಹೊರಗೆ ಹೋಗಿದ್ದಿಲ್ಲ. ಯಜಮಾನನಿಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು, ಆದರೆ ಹೋದ ಮಾಲು ವಾಪಸ್ಸು ಬರುತ್ತಿರಲಿಲ್ಲವಾದ್ದರಿಂದ ಬಾಯಿ ಮುಚ್ಚಿಕೊಂಡಿದ್ದ.

ಈ ಮನುಷ್ಯನಿಗೆ ಲೋಕದಲ್ಲಿ ಇದ್ದದ್ದು ಒಬ್ಬಳು ಅಕ್ಕ. ಅವನಿಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ಹೋದಳು. ಹದಿನಾಲ್ಕರ ಅಕ್ಕ ಅಮ್ಮನ ಜಾಗದಲ್ಲಿ ಕೂತಳು. ಮನೆಯಲ್ಲೇ ಕೂತು ಫ್ಯಾನಿನ ಸುರುಳಿ ಸುತ್ತುವ ಕೆಲಸ ಅವಳದು. ಊಟದ ಮೇಜಿಗೆ ಕಚ್ಚಿಸಿದ ಒಂದು ಕೈಯಂತ್ರ, ಅದರ ಹಿಡಿಯನ್ನು ಅವಳು ತಿರುಗಿಸಿದರೆ ತಮ್ಮ ಎದುರು ಕೂತು ಎಣಿಸಬೇಕು. ಅವನು ಅಂಕಿ ಕಲಿತದ್ದು ಶಾಲೆಯಲ್ಲಲ್ಲ, ಆ ಮೇಜಿನಲ್ಲಿ. ಎಣಿಕೆ ತಪ್ಪಿದರೆ ಅಕ್ಕ ತಲೆಗೆ ಮೊಟಕುತ್ತಿದ್ದಳು, ಸರಿಯಾಗಿದ್ದರೂ ಅಭ್ಯಾಸಬಲದಿಂದ ಒಂದು ಮೊಟಕುತ್ತಿದ್ದಳು. ಆಮೇಲೆ ಅಕ್ಕನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಭಾವ ಬೇಗ ತೀರಿಕೊಂಡ, ಅಕ್ಕ ಮಗಳನ್ನು ಕರೆದುಕೊಂಡು ತಮ್ಮನ ಮನೆಗೇ ಬಂದಳು. ಆ ಮಗಳು ಬೆಳೆದು, ನಾಲ್ಕು ಗಂಟೆಯ ಬಸ್ಸಿನ ದಾರಿಯಷ್ಟು ದೂರದ ಊರಿನಲ್ಲಿ ಗಣಿತದ ಟೀಚರ್ ಆದಳು. ಮುಳ್ಳಪ್ಪನಿಗೆ ಮದುವೆ ಎಂಬುದು ನಾಳೆ ನಾಳೆ ಎನ್ನುತ್ತಲೇ ಕೈತಪ್ಪಿಹೋಯಿತು. ಅದರ ಬಗ್ಗೆ ಅವನಿಗೆ ಬೇಜಾರೇನೂ ಇದ್ದಂತೆ ಕಾಣಲಿಲ್ಲ.

ಎರಡು ವರ್ಷದ ಹಿಂದೆ ಅಕ್ಕನ ಶ್ವಾಸಕೋಶ ಕೈಕೊಟ್ಟಿತು. ಮನೆಗೆ ಉಸಿರಿನ ಯಂತ್ರ ಬಂತು. ಗಾಳಿಯಿಂದ ಆಮ್ಲಜನಕ ಹೆಕ್ಕಿ ಮೂಗಿನ ನಳಿಗೆಗೆ ಕೊಡುವ, ಸದಾ ಗೊರಗುಟ್ಟುವ ಒಂದು ಪೆಟ್ಟಿಗೆ. ಅದಕ್ಕೆ ಕರೆಂಟು ಬೇಕು, ಆ ಬೀದಿಯ ಕರೆಂಟಿಗೋ ಮನಸ್ಸು ಬಂದಾಗ ಬರುವ ಚಾಳಿ. ಕರೆಂಟು ಹೋದಾಗ ಯಂತ್ರ ನಡೆಸಲೆಂದು ತಂದ ಬ್ಯಾಟರಿಯನ್ನು ಬೀದಿಯ ಕರೆಂಟಿನಿಂದ ತುಂಬುವ ಡಬ್ಬಿ ಎರಡು ಸಲ ಸುಟ್ಟುಹೋದ ಮೇಲೆ ಮುಳ್ಳಪ್ಪ, "ನಮ್ಮ ಕರೆಂಟು ನಾವೇ ಮಾಡ್ಕೊಳ್ಳೋಣ ಬಿಡಕ್ಕ" ಎಂದ. ತಾರಸಿಯ ಮೇಲೆ ಒಂದು ಗಾಳಿಚಕ್ರ. ಗಾಳಿ ಎರಡು ಕಬ್ಬಿಣದ ತಟ್ಟೆಗಳನ್ನು ತಿರುಗಿಸುತ್ತದೆ. ತಟ್ಟೆಗಳ ಒಳಮೈಗೆ ಸೋಪಿನ ಬಿಲ್ಲೆಯಷ್ಟು ದೊಡ್ಡ ಅಯಸ್ಕಾಂತಗಳು. ನಡುವೆ ಅಲ್ಲಾಡದೆ ನಿಂತ, ಅಂಟಿನಲ್ಲಿ ಎರಕ ಹೊಯ್ದ ಒಂದು ಬಿಲ್ಲೆ, ಅದರೊಳಗೆ ಒಂಬತ್ತು ಸುರುಳಿ, ಮೂರು ಮೂರರ ಗುಂಪು. ಅಯಸ್ಕಾಂತ ಸುರುಳಿಯ ಮುಂದೆ ಹಾದುಹೋದಾಗಲೆಲ್ಲ ಕರೆಂಟು ಹುಟ್ಟಿ ಬ್ಯಾಟರಿಗೆ ಇಳಿಯುತ್ತದೆ.

ಸುರುಳಿಗಳನ್ನು ತಾನೇ ಸುತ್ತುತ್ತೇನೆ ಎಂದು ಅಕ್ಕ ಹಟ ಹಿಡಿದಳು. ಅದೇ ಮೇಜು, ಅದೇ ಕೈಯಂತ್ರ. ದಿನಕ್ಕೊಂದು ಸುರುಳಿ, ಹತ್ತು ಸುತ್ತಿಗೊಮ್ಮೆ ವಿಶ್ರಾಂತಿ. ಅರವತ್ತೊಂಬತ್ತರ ಅಕ್ಕ ತಿರುಗಿಸುತ್ತಿದ್ದಳು, ಐವತ್ತೊಂಬತ್ತರ ತಮ್ಮ ಎದುರು ಕೂತು ಎಣಿಸುತ್ತಿದ್ದ. ಒಂಬತ್ತೂ ಮುಗಿದ ದಿನ ಮಗಳಿಗೆ ಫೋನು ಮಾಡಿ, "ಒಂಬತ್ತೂ ನಾನೇ ಕಣೆ, ನಿನ್ನ ಮಾಮಂದು ಬರೀ ಬಾಯಿ" ಎಂದಳು. ಚಕ್ರ ತಿರುಗಿತು. ಸ್ವಲ್ಪ ಗುಂಯ್ ಎನ್ನುತ್ತಿತ್ತು, ಬೇರಿಂಗ್ ಇರಬೇಕೆಂದು ಮುಳ್ಳಪ್ಪ ಗ್ರೀಸ್ ಹಚ್ಚಿದ. ಕಾಲು ಗಂಟೆ, ಅರ್ಧ ಗಂಟೆ ಕರೆಂಟು ಹೋದಾಗ ಉಸಿರಿನ ಯಂತ್ರ ನಿಲ್ಲದೆ ನಡೆಯಿತು. ಅಕ್ಕ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬೀಗಿದಳು.

ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕರೆಂಟು ಮೂರು ಗಂಟೆ ಹೋಯಿತು. ಬ್ಯಾಟರಿ ನಲವತ್ತು ನಿಮಿಷಕ್ಕೆ ಬರಿದಾಯಿತು. ಮುಳ್ಳಪ್ಪ ಅಂಗಡಿಯಲ್ಲಿದ್ದ. ಎಣಿಕೆ ತಪ್ಪಬಾರದೆಂದು ಅಲ್ಲಿ ಎಲ್ಲರ ಫೋನೂ ಡ್ರಾಯರಿನೊಳಗಿರುತ್ತದೆ, ಅಕ್ಕನಿಗೆ ಅದು ಗೊತ್ತಿತ್ತು. ಹಾಗಾಗಿ ಅವಳು ಫೋನು ಮಾಡಿದ್ದು ಮಗಳಿಗೆ. ಮುಳ್ಳಪ್ಪ ಮನೆಗೆ ಬಂದಾಗ ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದಳು. ಮೈ ತಣ್ಣಗಾಗಿತ್ತು.

ಮೂರು ವಾರ ಕಳೆಯಿತು. ದುಃಖ ಬರುತ್ತದೆ ಎಂದು ಮುಳ್ಳಪ್ಪ ಕಾದ, ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ಕೆನ್ನೆ ಇರುತ್ತದಲ್ಲ, ತನ್ನದೇ ಆದರೂ ಮುಟ್ಟಿದರೆ ಬೇರೆಯವರದು ಎನಿಸುತ್ತದಲ್ಲ, ಇಡೀ ಮೈ ಹಾಗಾಗಿತ್ತು. ತಟ್ಟೆಯಲ್ಲಿದ್ದದ್ದನ್ನು ತಿಂದ. ಅಂಗಡಿಗೆ ಹೋದ, ಸುತ್ತಿದ, ಎಣಿಸಿದ, ಒಂದೇ ಒಂದು ಸುತ್ತು ತಪ್ಪಲಿಲ್ಲ. ಯಂತ್ರ ವಾಪಸ್ಸು ಒಯ್ಯಲು ಆಸ್ಪತ್ರೆಯವರು ಬಂದಾಗ ತಾನೇ ಒಂದು ಕಡೆ ಹಿಡಿದು ಮೆಟ್ಟಿಲಿಳಿಸಿದ, ಹುಷಾರು ಎಂದ.

ಸೊಸೆ, ಅಂದರೆ ಅಕ್ಕನ ಮಗಳು, ರಜೆ ಹಾಕಿ ಬಂದಿದ್ದಳು. ಅವಳ ಕಣ್ಣುಗಳು ಒಳಗೆ ಹೋಗಿದ್ದವು. ಅಮ್ಮನ ಸೀರೆಗಳನ್ನು ಮಡಚುವುದು, ಮತ್ತೆ ಬಿಡಿಸುವುದು, ಮತ್ತೆ ಮಡಚುವುದು. ಒಂದು ಬೆಳಿಗ್ಗೆ ಟೀ ಲೋಟ ಹಿಡಿದು ಕೂತವಳು ಒಂದೇ ಉಸಿರಿಗೆ ಹೇಳಿದಳು:

"ಮಾಮ, ಅಮ್ಮ ನಂಗೆ ಫೋನ್ ಮಾಡಿದ್ಲು. ಬ್ಯಾಟರಿದು ಕೆಂಪು ದೀಪ ಬಂದಿದೆ ಕಣೆ ಅಂದ್ಲು. ನಾನು ಕ್ಲಾಸಿಗೆ ಹೊರಟಿದ್ದೆ. ಮಾಮ ಮಾಡಿದ್ದಲ್ವಾ, ಕೆಡಲ್ಲ, ಕಿಟಕಿ ಹತ್ರ ಕೂತ್ಕೋ ಅಂದೆ. ಆಂಬುಲೆನ್ಸ್‌ಗೆ ಒಂದು ಫೋನ್ ಮಾಡ್ಬಹುದಿತ್ತು. ಪಕ್ಕದ ಮನೆಯೋರಿಗಾದ್ರೂ ಮಾಡ್ಬಹುದಿತ್ತು. ಅಮ್ಮನ್ನ ಸಾಯಿಸಿದ್ದು ನಾನೇ ಮಾಮ."

"ಹಂಗೆಲ್ಲ ಅನ್ಬೇಡ."

"ಮತ್ತೆ ಬ್ಯಾಟರಿ ಯಾಕೆ ಖಾಲಿಯಾಯ್ತು? ಆ ವಾರ ಗಾಳಿ ಇರಲಿಲ್ವಾ?"

ಗಾಳಿ ಇತ್ತು. ಎದುರು ಮನೆಯವರ ಬಟ್ಟೆ ಹಾರಿ ಇವರ ತಾರಸಿಗೆ ಬಿದ್ದಿದ್ದನ್ನು ಅವನೇ ಕೊಟ್ಟುಬಂದಿದ್ದ. ಗಾಳಿಗೆ ತಕ್ಕ ಕರೆಂಟು ಬಂದಿದ್ದರೆ ಬ್ಯಾಟರಿ ನಾಲ್ಕು ಗಂಟೆ ಎಳೆಯಬೇಕಿತ್ತು. ಈ ಲೆಕ್ಕ ಅವನಿಗೆ ಮೊದಲ ದಿನವೇ ಹೊಳೆದಿತ್ತು. ಹೊಳೆದದ್ದನ್ನು ಹಾಗೇ ಬಿಟ್ಟಿದ್ದ. ಡಾಕ್ಟರೇನೋ ಶ್ವಾಸಕೋಶ ಮುಗಿದೇ ಹೋಗಿತ್ತು ಎಂದಿದ್ದರು. ಹೆಚ್ಚೆಂದರೆ ಇನ್ನೊಂದು ವರ್ಷ ಎಂದೂ ಸೇರಿಸಿದ್ದರು. ಆ ಎರಡನೆಯ ಮಾತನ್ನು ಅವರು ನುಂಗಿಕೊಳ್ಳಬಹುದಿತ್ತು.

"ನೋಡ್ತೀನಿ" ಎಂದ ಮುಳ್ಳಪ್ಪ.

ತಾರಸಿ ಹತ್ತಿ ಚಕ್ರ ಇಳಿಸಿದ. ಅಯಸ್ಕಾಂತದ ತಟ್ಟೆಗಳನ್ನು ಬೇರ್ಪಡಿಸುವುದು ಒಬ್ಬರ ಕೆಲಸವಲ್ಲ, ಬೆರಳು ಸಿಕ್ಕಿದರೆ ಮುಗಿಯಿತು. ಅಂಚಿನ ತೂತುಗಳಿಗೆ ಬೋಲ್ಟು ಹಾಕಿ, ಒಂದೊಂದಾಗಿ ಬಿಗಿದು, ಒಂದು ಗಂಟೆ ತೆಗೆದುಕೊಂಡು ಬಿಡಿಸಿದ. ಎರಕದ ಬಿಲ್ಲೆಯನ್ನು ಹಳೆಯ ಪೇಪರಿನ ಮೇಲಿಟ್ಟ. ಹೊರಗೆ ಬಂದಿದ್ದ ತುದಿಗಳ ಬೆಸುಗೆ ಬಿಡಿಸಿ, ಒಂದೊಂದೇ ಸುರುಳಿಗೆ ಬ್ಯಾಟರಿ ಮುಟ್ಟಿಸಿ ಜೇಬಿನ ದಿಕ್ಸೂಚಿ ಹಿಡಿದ. ಒಂದು, ಎರಡು, ಮೂರು. ಮುಳ್ಳು ನೆಟ್ಟಗೆ ಒಂದೇ ಕಡೆಗೆ. ಎಂಟರವರೆಗೂ ಹಾಗೇ. ಒಂಬತ್ತನೆಯದರ ಮೇಲೆ ಮುಳ್ಳು ಗಿರ್ರನೆ ಹಿಂದಕ್ಕೆ ತಿರುಗಿ ನಿಂತಿತು.

ಬ್ಯಾಟರಿ ತೆಗೆದ, ಮತ್ತೆ ಮುಟ್ಟಿಸಿದ. ಮತ್ತೆ ಹಾಗೇ.

ಆಗ ನೆನಪಾಯಿತು. ಒಂಬತ್ತನೆಯದನ್ನು ಸುತ್ತುವ ದಿನ ಅಕ್ಕನಿಗೆ ಉಸಿರು ಸಾಲುತ್ತಿರಲಿಲ್ಲ. ಗಾಳಿಗೆಂದು ಕುರ್ಚಿಯನ್ನು ಮೇಜಿನ ಆಚೆ ಬದಿಗೆ, ಕಿಟಕಿಯ ಕಡೆಗೆ ಎಳೆದುಕೊಂಡಿದ್ದಳು. ಕೈಯಂತ್ರ ಇದ್ದಲ್ಲೇ ಇತ್ತು. ಐವತ್ತು ವರ್ಷದಿಂದ ಅವಳ ಕೈ ಹಿಡಿಯನ್ನು ಮೈಯಿಂದ ಆಚೆಗೆ ತಳ್ಳಿ ತಿರುಗಿಸುತ್ತಿತ್ತು, ಆವತ್ತೂ ಆಚೆಗೇ ತಳ್ಳಿತು. ಆ ಬದಿಯಲ್ಲಿ ಕೂತರೆ ಕೈಗೆ ಅದೇ ದಿಕ್ಕು, ತಂತಿಗೆ ವಿರುದ್ಧ ದಿಕ್ಕು. ಎದುರು ಕೂತು ಎಣಿಸುತ್ತಿದ್ದವನು ಅವನೇ. ಕಣ್ಣು ಅವಳ ಉಸಿರಿನ ಮೇಲಿತ್ತು, ಕೈಯ ಮೇಲಿರಲಿಲ್ಲ.

ಮುಳ್ಳು ತೋರಿಸಿದ್ದರೆ ಅರ್ಧ ನಿಮಿಷದ ಕೆಲಸ. ಊರಿನವರೆಲ್ಲರ ಸುರುಳಿಗೂ ತೋರಿಸಿದವನು ಅಕ್ಕನದಕ್ಕೆ ತೋರಿಸಿರಲಿಲ್ಲ. ತನಗೆ ಸುತ್ತಲು ಕಲಿಸಿದವಳ ಕೆಲಸವನ್ನು ಪರೀಕ್ಷೆ ಮಾಡುವುದೆಂದರೆ ಅವನಿಗೆ ಅಮ್ಮನ ಅಡಿಗೆಗೆ ಅಂಕ ಹಾಕಿದಂತೆ ಆಗುತ್ತಿತ್ತು. ಇದನ್ನೆಲ್ಲ ಅವನು ಮೋಟಾರು ಯಾಕೆ ಸುಟ್ಟಿತು ಎಂದು ಗಿರಾಕಿಗೆ ವಿವರಿಸುವ ಹಾಗೆ ತನಗೆ ತಾನೇ ವಿವರಿಸಿಕೊಂಡ. ಒಳಗೆ ಏನೂ ಆಗಲಿಲ್ಲ.

ಮೆಟ್ಟಿಲಲ್ಲಿ ಸೊಸೆಯ ಚಪ್ಪಲಿಯ ಸದ್ದಾಯಿತು. ಅವಳು ಮೇಲೆ ಬರುವಷ್ಟರಲ್ಲಿ ಅವನು ಯೋಚಿಸಬೇಕಾಗಿದ್ದದ್ದು ಒಂದೇ. ಏನೂ ಸಿಗಲಿಲ್ಲ ಎಂದರೆ ಹುಡುಗಿ ಜೀವನಪೂರ್ತಿ ಆ ಫೋನಿಗೆ ನೇತುಬೀಳುತ್ತಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ, ನಿನ್ನ ಅಮ್ಮ ತನ್ನ ಕೈಯಾರೆ ತಾನೇ ಹೋದಳು ಎಂದು ಹೇಳಬೇಕು.

"ಸಿಕ್ತಾ ಮಾಮ?"

"ಸಿಕ್ತು. ಒಂದು ಸುರುಳಿ ಉಲ್ಟಾ ಇದೆ. ಒಂದು ಗುಂಪು ಪೂರ್ತಿ ದಂಡ. ಬ್ಯಾಟರಿ ಯಾವತ್ತೂ ಸರಿಯಾಗಿ ತುಂಬೇ ಇರಲಿಲ್ಲ."

"ಯಾವ್ದು?"

"ಒಂಬತ್ತನೇದು." ಅವನು ದಿಕ್ಸೂಚಿಯನ್ನು ಜೇಬಿಗೆ ಹಾಕಿಕೊಂಡ. "ಅದನ್ನ ನಾನು ಸುತ್ತಿದ್ದು. ಅಕ್ಕಂಗೆ ಆವತ್ತು ಆಗ್ತಿರಲಿಲ್ಲ."

"ಒಂಬತ್ತೂ ನಾನೇ ಅಂದಿದ್ಲು ಅಮ್ಮ."

"ಜಂಬಕ್ಕೆ ಅಂದಿರ್ತಾಳೆ."

ಅಷ್ಟು ಹೇಳಿದ ಮೇಲೆ ಅಕ್ಕನ ಕೊನೆಯ ಹೆಮ್ಮೆಯನ್ನೂ ತಾನೇ ಕಿತ್ತುಕೊಂಡೆ ಎಂದು ಅವನಿಗೆ ಗೊತ್ತಾಯಿತು. ಆದರೆ ಮಾತು ಬಾಯಿಂದ ಆಚೆ ಹೋಗಿತ್ತು.

"ಮುಳ್ಳು ತೋರಿಸ್ಲಿಲ್ವಾ?" ಅವಳ ದನಿ ಸಣ್ಣಗಿತ್ತು. ಈ ಮನೆಯಲ್ಲೇ ಬೆಳೆದವಳು, ಅವಳಿಗೆ ಎಲ್ಲ ಗೊತ್ತು. "ಮಾಮ, ಕಂಡೋರ ಫ್ಯಾನಿಗೆಲ್ಲ ತೋರಿಸ್ತೀಯ. ನಿಂದಕ್ಕೆ ತೋರಿಸೋಕೆ ಏನಾಗಿತ್ತು?"

ಅವನು ಬಿಚ್ಚಿಟ್ಟಿದ್ದ ಬೋಲ್ಟುಗಳನ್ನು ಒಂದೊಂದಾಗಿ ಹೆಕ್ಕಿದ.

"ಸೊಕ್ಕು" ಎಂದಳು. "ನಾನು ಸುತ್ತಿದ್ದು ತಪ್ಪಾಗುತ್ತಾ ಅನ್ನೋ ಸೊಕ್ಕು. ಮಾಮ ಮಾಡಿದ್ದು ಕೆಡಲ್ಲ ಅಂತ ನಾನೂ ನಂಬಿದ್ದೆ, ಅಮ್ಮಂಗೂ ನಂಬಿಸ್ದೆ. ಮೂರು ವಾರದಿಂದ ನಾನು ನಿದ್ದೆ ಮಾಡಿಲ್ಲ, ಗೊತ್ತಾ ನಿಂಗೆ? ಹೊಟ್ಟೆಗೆ ಅನ್ನ ಹೋಗ್ತಿಲ್ಲ. ನೀನು ಮಾತ್ರ ಏನೂ ಆಗೇ ಇಲ್ಲ ಅನ್ನೋ ಹಂಗೆ ಊಟ ಮಾಡ್ಕೊಂಡು ಅಂಗಡಿಗೆ ಹೋಗ್ತಿದ್ದೀಯ."

"ಹೌದು" ಎಂದ. ಅದೊಂದು ನಿಜವಾಗಿತ್ತು.

ಅವಳು ಕೆಳಗೆ ಹೋಗಿ ಚೀಲ ತುಂಬಿದಳು. ಸೀರೆಗಳಲ್ಲಿ ಎರಡನ್ನು ಮಾತ್ರ ತೆಗೆದುಕೊಂಡಳು. ಮಧ್ಯಾಹ್ನದ ಬಸ್ಸಿಗೆ ಅವನು ಚೀಲ ಹೊತ್ತುಕೊಂಡು ಜೊತೆಗೆ ಬಂದ, ಅವಳು ಬೇಡವೆನ್ನಲಿಲ್ಲ. ಅವಳ ಮುಖದಲ್ಲಿ ಏನೋ ಬದಲಾಗಿತ್ತು. ಬೆಳಿಗ್ಗೆ ಸೋತು ಕೂತಿದ್ದ ಹೆಗಲು ನೆಟ್ಟಗಾಗಿತ್ತು. ಸಿಟ್ಟು ಬಂದವರಿಗೆ ಹಸಿವಾಗುತ್ತದೆ. ನಿಲ್ದಾಣದಲ್ಲಿ ಅವಳು ಎರಡು ಬನ್ನು ಕೊಂಡು ಒಂದನ್ನು ನಿಂತಲ್ಲೇ ತಿಂದಳು. ಬಸ್ಸು ಹತ್ತುವ ಮುಂಚೆ, "ಇನ್ಮೇಲೆ ನಂಗೆ ಫೋನ್ ಮಾಡ್ಬೇಡ" ಎಂದಳು. ಆಗಲಿ ಎಂದ.

ಬಸ್ಸು ಹೋದ ಮೇಲೆ ಮುಳ್ಳಪ್ಪ ಮನೆಗೆ ಬಂದು ತಾರಸಿ ಹತ್ತಿದ. ಬಿಸಿಲು ಬಿಲ್ಲೆಯ ಮೇಲೆ ಬಿದ್ದಿತ್ತು. ಪಾರದರ್ಶಕ ಅಂಟಿನೊಳಗೆ ಒಂಬತ್ತು ಸುರುಳಿಗಳೂ ಹೊಸದರಂತೆ ಹೊಳೆಯುತ್ತಿದ್ದವು, ಒಂದು ಎಳೆ ಕೂಡ ಸಡಿಲಿರಲಿಲ್ಲ, ಅಷ್ಟು ಅಚ್ಚುಕಟ್ಟು. ಎಲ್ಲಕ್ಕಿಂತ ಅಚ್ಚುಕಟ್ಟಾಗಿದ್ದದ್ದು ಒಂಬತ್ತನೆಯದು.

ಆಗ ಅವನಿಗೆ ಅಕ್ಕನ ಮೇಲೆ ಸಿಟ್ಟು ಬಂತು.

ಕುರ್ಚಿ ಯಾಕೆ ಎಳೆದುಕೊಂಡೆ? ಆಗುವುದಿಲ್ಲ ಎಂದಿದ್ದರೆ ನಾನು ಸುತ್ತುತ್ತಿರಲಿಲ್ಲವಾ? ಒಂಬತ್ತೂ ನಾನೇ ಎಂದು ಹೇಳಿಕೊಳ್ಳಲೇಬೇಕಿತ್ತಾ? ಕೆಂಪು ದೀಪ ಬಂದ ಮೇಲೆ ಎದ್ದು ಪಕ್ಕದ ಮನೆಯ ಬಾಗಿಲು ಬಡಿಯಲು ಏನಾಗಿತ್ತು ನಿನಗೆ? ಬಿಲ್ಲೆಯ ಮೇಲೆ ಬಗ್ಗಿದಾಗ ಜೇಬಿನಿಂದ ದಿಕ್ಸೂಚಿ ಜಾರಿ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಮೂರು ವಾರದಲ್ಲಿ ಅವನಿಗೆ ಆದ ಮೊದಲ ಸಂಕಟ ಅದು, ಅದೂ ಸತ್ತವಳ ಮೇಲಿನ ಸಿಟ್ಟು. ಒಬ್ಬನೇ ಇಟ್ಟುಕೊಳ್ಳಲಾಗದಷ್ಟು ಇತ್ತು. ಅದನ್ನು ಕೇಳಿಸಿಕೊಂಡು, ಹೌದು ಮಾಮ, ಅಮ್ಮ ಹಾಗೇ, ಯಾವಾಗಲೂ ಹಾಗೇ ಎಂದು ಜೊತೆಗೆ ಬೈದು, ಜೊತೆಗೆ ಅಳಬಹುದಾಗಿದ್ದವಳು ಲೋಕದಲ್ಲಿ ಒಬ್ಬಳೇ ಇದ್ದಳು. ಅವಳನ್ನು ಅವನು ಈಗಷ್ಟೇ ಬಸ್ಸು ಹತ್ತಿಸಿ ಬಂದಿದ್ದ.