ಕಿತ್ತು ನೋಡಿದ ಸಸಿ

ನಮ್ಮ ನರ್ಸರಿಗೆ ಸಸಿ ಕೊಳ್ಳಲು ಬರುವವರಲ್ಲಿ, ಒಂದನ್ನು ಕಿತ್ತು ನೋಡದೆ ವ್ಯಾಪಾರಕ್ಕೆ ಇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಮೊದಲು ಟ್ರೇ ಎತ್ತಿ ತಳ ನೋಡುತ್ತಾರೆ. ಆಮೇಲೆ ಯಾವುದೋ ಮೂಲೆಯ ಸಸಿಯ ಕುತ್ತಿಗೆ ಹಿಡಿದು ಮೇಲೆತ್ತಿ, ಗಂಡಿನ ಮನೆ ನೋಡಲು ಹೋದ ಹಿರಿಯರು ಹಿತ್ತಿಲಿಗೂ ಒಂದು ಸುತ್ತು ಹೋಗಿ ಬರುವ ಗಾಂಭೀರ್ಯದಲ್ಲಿ, ಅದರ ಬೇರನ್ನು ಬೆಳಕಿಗೆ ಹಿಡಿಯುತ್ತಾರೆ. ಬೇರು ಬೆಳ್ಳಗಿದ್ದರೆ ತಲೆಯಾಡಿಸಿ ಸಸಿಯನ್ನು ಬೆಂಚಿನ ಮೇಲೆ ಬಿಸಾಡುತ್ತಾರೆ. ಪರೀಕ್ಷೆಯಲ್ಲಿ ಪಾಸಾದ ತಪ್ಪಿಗೆ ಪ್ರಾಣ ಬಿಡಬೇಕಾದದ್ದು ಈ ಲೋಕದಲ್ಲಿ ಬಹುಶಃ ಆ ಸಸಿಯೊಂದೇ.

ಹನಗೋಡಿನಲ್ಲಿ ನಮ್ಮ ಮನೆಯ ಹಿಂದೆ ಹಸಿರು ನೆರಳುಪರದೆ ಕಟ್ಟಿಸಿ, ಟೊಮೇಟೊ, ಮೆಣಸಿನಕಾಯಿ, ಚೆಂಡುಹೂವಿನ ಸಸಿ ಬೆಳೆಸಿ ಮಾರಲು ಶುರುಮಾಡಿ ಎರಡು ವರ್ಷವಾಯಿತು. ಬಂಡವಾಳ ಅಪ್ಪನದು, ನೀರು ನಮ್ಮ ಬಾವಿಯದು. ನನ್ನದೇ ಎಂದು ನಾನು ತಂದದ್ದು ಒಂದು ದಪ್ಪ ನೋಟ್‌ಬುಕ್. ಬಿತ್ತಿದ ವಾರ, ಮೊಳೆತ ದಿನ, ಟ್ರೇಯಲ್ಲಿ ಮೊಳೆಯದ ಕುಳಿಗಳು, ಎಲ್ಲಕ್ಕೂ ಅದರಲ್ಲಿ ಗೆರೆ ಎಳೆದ ಮನೆಗಳಿವೆ. ‘ಕಿತ್ತು ನೋಡಿದ್ದು’ ಎಂಬುದಕ್ಕೂ ಒಂದು ಮನೆಯಿದೆ. ಗಿರಾಕಿಗಳು ನನ್ನನ್ನು ಅನುಮಾನಿಸುತ್ತಿದ್ದರೆ, ನಾನು ಅವರ ಅನುಮಾನವನ್ನು ಎಣಿಸಿಡುತ್ತಿದ್ದೆ.

ಈ ಎಣಿಕೆಯೇ ನನ್ನನ್ನು ಕೆಡಿಸಿತು. ಸಂಜೆ ನೋಡಿದರೆ ಬೆಂಚಿನ ಮೇಲೆ ಬಿದ್ದಿರಬೇಕಾದ ಸಸಿಗಳೇ ಇರುತ್ತಿರಲಿಲ್ಲ. ಸೋಮವಾರ ಏಳು ಕಿತ್ತಿದ್ದರು, ಉಳಿದದ್ದು ಸೊನ್ನೆ. ಬುಧವಾರ ನಾಲ್ಕು, ಅದೂ ಸೊನ್ನೆ. ನೀರು ಹಾಯಿಸಲು ಬರುವ ದೇವಮ್ಮತ್ತೆ ಮನೆಗೆ ಹೋಗುವಾಗ ಅವರ ಬಿದಿರ ಮಂಕರಿಯ ಮೇಲೆ ಒದ್ದೆ ಗೋಣಿತಾಟು ಮುಚ್ಚಿರುತ್ತಿದ್ದುದನ್ನು ನಾನು ಆಗಲೇ ಗಮನಿಸಿದ್ದು. ಬಿಸಾಡಿದ ಸಸಿಗೆ ಆಸೆ ಪಡುವವರು ಬಿಸಾಡದ ಸಸಿಯನ್ನು ಬಿಟ್ಟಾರೆಯೇ ಎಂದು ಯೋಚಿಸಿ, ಎಲ್ಲ ಟ್ರೇಗಳ ಸಸಿಗಳನ್ನೂ ಎರಡೆರಡು ಸಲ ಎಣಿಸಿದೆ. ಒಂದೂ ಕಡಿಮೆಯಿರಲಿಲ್ಲ. ಅದರಿಂದ ಅನುಮಾನ ಇಳಿಯಬೇಕಿತ್ತು. ಬದಲಿಗೆ, ಎಷ್ಟು ಚಾಲಾಕಿ ಹೆಂಗಸು ಇವರು ಎಂದುಕೊಂಡೆ.

ಹೀಗಿರುವಾಗ ಪಿರಿಯಾಪಟ್ಟಣದ ಕಡೆಯ ಸ್ವಾಮಣ್ಣ ಬಂದರು. ಹಿಂದೆ ನನ್ನಿಂದ ನಾಲ್ಕು ಟ್ರೇ ಖಾರದ ಮೆಣಸಿನಕಾಯಿ ಸಸಿ ಒಯ್ದವರು; ಅವರ ಊರಿನವರೇ ನನ್ನ ಅರ್ಧದಷ್ಟು ಗಿರಾಕಿಗಳು. ಟವೆಲ್ಲಿನ ಗಂಟು ಬಿಚ್ಚಿ, ಹೆಬ್ಬೆರಳಿನಷ್ಟು ದಪ್ಪದ ಬಜ್ಜಿ ಮೆಣಸಿನಕಾಯಿಗಳನ್ನು ನನ್ನ ಮೇಜಿನ ಮೇಲೆ ಸುರಿದರು.

“ಇದೇನವ್ವ ಇದು? ಕಚ್ಚುದ್ರೆ ಸೌತೆಕಾಯಿ ತಿಂದಂಗಾಯ್ತದೆ.”

ನಾನು ನೋಟ್‌ಬುಕ್ ತೆರೆದು, ವಾರ, ಟ್ರೇಗಳ ಲೆಕ್ಕ, ತಳಿ ಎಲ್ಲವನ್ನೂ ತೋರಿಸಿದೆ. “ನೋಡಿ ಸ್ವಾಮಣ್ಣ, ನಿಮಗೆ ಕೊಟ್ಟಿರೋದು ಖಾರದ್ದೇ ಅಂತ ಇಲ್ಲಿ ಬರೆದಿದೆ. ಇದನ್ನ ಬೇರೆ ಕಡೆಯಿಂದ ತಂದಿರ್ತೀರಿ.”

“ನೀ ಬರ್ದಿರೋದು ಸರಿ ಕಣವ್ವ. ಗಿಡುಕ್ಕೆ ಓದಕ್ ಬರಲ್ವಲ್ಲ!” ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. “ಇನ್ಮೇಕೆ ನಮ್ಮೂರೋರು ಯಾರೂ ಈ ಕಡೆ ತಲೆ ಹಾಕಲ್ಲ, ಬುಡು.”

ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಖಾತ್ರಿಯಿತ್ತು. ಆದರೂ ಮಧ್ಯಾಹ್ನ ಅವರು ಸುರಿದ ಕಾಯಿಯೊಂದನ್ನು ಕಚ್ಚಿ ನೋಡಿದೆ. ಒಂದು ಅನುಮಾನ ಬಗೆಹರಿಯದಿದ್ದಾಗ ಇನ್ನೊಂದನ್ನಾದರೂ ಬಗೆಹರಿಸೋಣ ಎಂದು, ಅಂದು ಸಂಜೆ ನೋಟ್‌ಬುಕ್ ಸಮೇತ ದೇವಮ್ಮತ್ತೆಯ ಮಂಕರಿಯ ಬೆನ್ನು ಹತ್ತಿದೆ.

ಅವರ ಮನೆ ಕಾಲುವೆಯ ಪಕ್ಕದಲ್ಲಿದೆ. ಬೇಲಿಯ ಮರೆಯಲ್ಲಿ ನಿಂತೆ. ಅತ್ತೆ ಮಂಕರಿ ಇಳಿಸಿ, ತಿರುಗಿಯೂ ನೋಡದೆ ಕೂಗಿದರು: “ಅಲ್ಲಿ ನಿಂತ್ಕಂಡು ಏನ್ ಎಣಿಸ್ತಿದೀಯೆ? ಒಳುಕ್ ಬಾ, ಮುಳ್ಳು ತರಚೀತು.”

ಒಳಗೆ ಹೋದರೆ, ಗಿರಾಕಿಗಳು ಬಿಸಾಡಿದ ಸಸಿಗಳೆಲ್ಲ ಅಲ್ಲಿ ಸಾಲಾಗಿ ಗಿಡಗಳಾಗಿ ನಿಂತಿದ್ದವು.

“ನೋಡ್ದೋರು ನೋಡಿ ಬಿಸಾಕೋದ್ರು. ಜೀವ ಅದೆಯಲ್ಲ, ತಂದು ನೆಟ್ಟೆ,” ಎಂದು ಅತ್ತೆ ಒಂದೊಂದನ್ನೇ ತೋರಿಸಿದರು. “ಇದು ಬುಲೆಟ್ ಗಾಡೀಲಿ ಬಂದಿದ್ರಲ್ಲ, ಆ ಮೇಷ್ಟ್ರು ಕಿತ್ತಾಕಿದ್ದು. ಇದು ಚೌಕಾಸಿ ಮಾಡಿ ಮಾಡಿ ಕೊನೀಗೆ ಏನೂ ತಗಳ್ದೆ ಹೋದ್ಲಲ್ಲ, ಅವಳ್ದು. ಇದು ಸ್ವಾಮಣ್ಣಂದು.”

ಸ್ವಾಮಣ್ಣನ ಗಿಡದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಬಜ್ಜಿ ಮೆಣಸಿನಕಾಯಿಗಳು ತೂಗುತ್ತಿದ್ದವು.

ಖಾರದ್ದೆಂದು ಹೆಸರಿನ ಕಡ್ಡಿ ಚುಚ್ಚಿದ್ದ ನನ್ನ ಟ್ರೇಯಿಂದಲೇ, ನನ್ನ ಕಣ್ಣೆದುರೇ ಅವರು ಕಿತ್ತ ಸಸಿ ಅದು. ಅಲ್ಲೇ ಕಲ್ಲಿನ ಮೇಲೆ ಕುಳಿತು ಪುಟ ತಿರುವಿದೆ. ಆ ಬೆಳೆಯ ಮೂರನೆಯ ವಾರದಲ್ಲಿ, ನನ್ನದೇ ದುಂಡಗಿನ ಅಕ್ಷರದಲ್ಲಿ, ಒಂದು ಸಾಲಿತ್ತು: ‘ಹೆಸರಿನ ಕಡ್ಡಿಗಳ ಶಾಯಿ ಮಾಸಿದೆ. ಎಲ್ಲವನ್ನೂ ಕಿತ್ತು, ಅಂದವಾಗಿ ಬರೆದು, ಮತ್ತೆ ಚುಚ್ಚಿದೆ.’ ಖಾರದ್ದರ ಸಸಿಯೂ ಬಜ್ಜಿಯದರ ಸಸಿಯೂ ಆ ವಯಸ್ಸಿನಲ್ಲಿ ಅವಳಿ ಮಕ್ಕಳಂತೆ ಇರುತ್ತವೆ. ಯಾವ ಕಡ್ಡಿ ಯಾವ ಟ್ರೇಯದೆಂದು ಮಾತ್ರ ನಾನು ಎಲ್ಲಿಯೂ ಬರೆದಿರಲಿಲ್ಲ. ಊರಿನವರನ್ನೆಲ್ಲ ಅನುಮಾನಿಸಿದ ನಾನು ಅನುಮಾನಿಸದೆ ಬಿಟ್ಟದ್ದು ಆ ದುಂಡಗಿನ ಅಕ್ಷರವೊಂದನ್ನೇ.

“ಅತ್ತೆ, ನಾನು ನಿಮ್ಮನ್ನ...” ಎಂದೆ.

“ಗೊತ್ತು ಕಣ್ ಬುಡು. ದಿನಾ ನನ್ ಮಂಕ್ರಿ ನೋಡೋದು ನಂಗ್ ಕಾಣಾಕಿಲ್ವಾ? ಕಾಯಿ ಕಿತ್ಕಂಡು ನಡಿ, ಬಜ್ಜಿಗಾಯ್ತದೆ.”

ಮರುದಿನ ಸ್ವಾಮಣ್ಣನ ಹೊಲಕ್ಕೇ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಬರುವ ಹಂಗಾಮಿಗೆ ನಾಲ್ಕು ಟ್ರೇ ನನ್ನ ಕಡೆಯಿಂದ ಎಂದೆ. ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಇದರಲ್ಲೂ ಏನಾದರೂ ಮಸಲತ್ತು ಇದೆಯೇ ಎಂದು ಹುಡುಕುತ್ತಿದ್ದರೆಂದು ತೋರುತ್ತದೆ.

ಕಳೆದ ವಾರ ಅವರು ಬಂದರು. ಜೊತೆಗೆ ಅವರ ಊರಿನ ಇಬ್ಬರು. ಸ್ವಾಮಣ್ಣ ಕೈ ಚಾಚುವ ಮೊದಲೇ ನಾನೇ ಒಂದು ಸಸಿ ಕಿತ್ತು, ಬೇರು ಮೇಲೆ ಮಾಡಿ ಅವರ ಅಂಗೈಯಲ್ಲಿಟ್ಟೆ. ಬೇರು ಬೆಳ್ಳಗಿತ್ತು. ಸ್ವಾಮಣ್ಣ ಹುಬ್ಬು ಗಂಟಿಕ್ಕಿದರು.

“ಚೆನ್ನಾಗಿರೋದ್ನೇ ನೋಡಿ ಕಿತ್ಕೊಟ್ಟೆ, ಅಲ್ವೇನವ್ವ?”

ಎಂದವರೇ ಎದುರಿನ ಮೂಲೆಯಿಂದ ಇನ್ನೊಂದನ್ನು ತಾವೇ ಕಿತ್ತು ನೋಡಿ, ತಲೆಯಾಡಿಸಿ, ಎರಡನ್ನೂ ಬೆಂಚಿನ ಮೇಲೆ ಬಿಸಾಡಿದರು. ದೇವಮ್ಮತ್ತೆ ಗೋಣಿತಾಟು ಸರಿಸಿ ಮಂಕರಿಯನ್ನು ಮುಂದಕ್ಕೆ ಹಿಡಿದರು. ಎರಡನ್ನೂ ನಾನೇ ಎತ್ತಿ ಅದರೊಳಗಿಟ್ಟೆ.