ಸುರಪುರಕ್ಕೆ ಸತ್ತ ಕ್ಯಾಮೆರಾ ಒಯ್ದದ್ದು

ಏಪ್ರಿಲ್ ತಿಂಗಳ ಒಂದು ಭಾನುವಾರ ಯಾದಗಿರಿಯಿಂದ ನಾವು ಗಂಡ-ಹೆಂಡತಿ ಸುರಪುರಕ್ಕೆ ಹೊರಟೆವು. ನನ್ನ ತಂಗಿ ಸುಜಾತಾಳಿಗೆ ಅಲ್ಲಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಬಂದು ನೋಡಿ ಹೋಗಿದ್ದ, ಇಬ್ಬರಿಗೂ ಮನಸ್ಸಿತ್ತು. ಇನ್ನು ಹೆಣ್ಣಿನ ಕಡೆಯವರು ಹೋಗಿ ಹುಡುಗನ ಮನೆ ನೋಡಿ ಬರುವುದು ನಮ್ಮಲ್ಲಿಯ ಪದ್ಧತಿ. ಅಪ್ಪ-ಅವ್ವ ಇಲ್ಲದ ಮನೆಗೆ ಹಿರಿಯಳು ನಾನೇ. ಹೂಂ ಅನ್ನುವುದೂ ಉಹೂಂ ಅನ್ನುವುದೂ ನನ್ನ ಕೊರಳಿಗೇ ಬಿದ್ದಿತ್ತು. ಒಂದು ಹೊತ್ತಿನ ಊಟದಲ್ಲಿ ಒಬ್ಬ ಮನುಷ್ಯನನ್ನು ಏನೆಂದು ತಿಳಿಯಬೇಕೋ ಎಂದು ನನಗೆ ಚಿಂತೆ ಹತ್ತಿತ್ತು.

ನಮ್ಮ ಮನೆಯವರಿಗೆ ಬೇರೆಯದೇ ಚಿಂತೆ. ಕಾರಿನ ಮುಂಗಾಜಿಗೆ ಅಂಟಿಸುವ ಡ್ಯಾಶ್‌ಕ್ಯಾಮ್ ಒಂದನ್ನು ತಂದಿದ್ದರು. ದಾರಿಯ ಚಿತ್ರ ಹಿಡಿಯುತ್ತದೆ, ಮಾತನ್ನೂ ಹಿಡಿಯುತ್ತದೆ, ಕಾರು ನಿಲ್ಲಿಸಿ ಹೋದರೂ ಕಾವಲು ಕಾಯುತ್ತದೆ ಎಂದು ವಾರದಿಂದ ಅದರದೇ ಜಪ.

"ಎಂಥಾ ಬಿಸಿಲಿಗೂ ಜಗ್ಗೂದಿಲ್ಲಂತ ಅಂಗಡಿಯಾವ ಹೇಳ್ಯಾನ," ಎಂದರು.

"ಅಂಗಡಿಯಾವ ಯಾವ ಊರಾವ?" ಎಂದೆ.

ಬೆಂಗಳೂರಿನವನಂತೆ. ಯಾದಗಿರಿಯ ಏಪ್ರಿಲ್ಲನ್ನು ಅವನು ಕಂಡಿರಲಿಕ್ಕಿಲ್ಲ ಎಂದುಕೊಂಡೆ.

ಭೀಮಾ ಸೇತುವೆ ದಾಟುವ ಹೊತ್ತಿಗೇ ಬಿಸಿಲು ಏರಿತ್ತು. ನದಿಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಂಡಿತು. ಮಾತು ರೆಕಾರ್ಡ್ ಆಗುತ್ತದೆಂದು ನಮ್ಮವರು ಆ ದಿನ ದಾರಿಯಲ್ಲಿ ಒಬ್ಬರಿಗೂ ಬೈಯಲಿಲ್ಲ. ಅಡ್ಡ ನುಗ್ಗಿದ ಟಂಟಂ ಆಟೋದವನಿಗೂ "ಸ್ವಲ್ಪ ಸರೀರಿ ಅಣ್ಣಾರ" ಎಂದರು. ಮದುವೆಯಾದಾಗಿನಿಂದ ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇಂಥದ್ದೊಂದನ್ನು ಮನೆಯೊಳಗೂ ಅಂಟಿಸಬೇಕು ಎನ್ನಿಸಿತು.

ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಎದುರಾದಾಗ, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲಿ ಎಂದು ಕಾರು ನಿಲ್ಲಿಸಿದರು. ನಾನು ಮನಸ್ಸಿನಲ್ಲೇ ಕೈ ಮುಗಿದೆ. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಬಯಲಲ್ಲೇ ಕಾರು ಬಿಟ್ಟು ಸುಸ್ಲಾ, ಮಿರ್ಚಿ ಭಜಿ ತಿಂದೆವು. ಬರಿಗೈಲಿ ಹೋಗಬಾರದೆಂದು ಬಾಳೆಹಣ್ಣು, ಪೇಢೆ, ಒಂದು ಸೀರೆ ಕೊಂಡೆವು. ಸೀರೆಯ ಬಣ್ಣ ನನಗೆ ಬೇಗ ಒಪ್ಪಿಗೆಯಾಗದೆ ತಡವಾಯಿತು.

ತಿರುಗಿ ಬಂದು ಬಾಗಿಲು ತೆಗೆದರೆ ಒಳಗಿನ ಕಾವು ಮುಖಕ್ಕೆ ಹೊಡೆಯಿತು. ಸ್ಟೇರಿಂಗ್ ಮುಟ್ಟುವ ಹಾಗಿರಲಿಲ್ಲ. ಕ್ಯಾಮೆರಾದ ಅಂಟು ಕರಗಿ, ಅದು ವೈರಿಗೆ ಜೋತುಬಿದ್ದಿತ್ತು. ನಮ್ಮವರು ಮುಟ್ಟಿದ್ದೇ ತಡ, ಇಂಗ್ಲಿಷಿನಲ್ಲಿ ಏನೋ ಒಂದು ಮಾತು ಹೇಳಿ ಆರಿಹೋಯಿತು.

ಮನೆಯ ಮಗುವಿಗೇ ಚಕ್ಕರ್ ಬಂದಂತೆ ನಮ್ಮವರು ಅದನ್ನೆತ್ತಿಕೊಂಡು ಕಬ್ಬಿನ ಹಾಲಿನ ಗಾಡಿಗೆ ಓಡಿದರು. ಗಾಡಿಯವಳು ಬರ್ಫ್ ಕೊಟ್ಟು, "ಏನಾಗ್ಯದರಿ ಅದಕ್ಕ?" ಎಂದಳು.

"ಕಾವು ಏರ್ಯದವ್ವ."

"ಹಂಗಾರ ಲಿಂಬಿ ಹಿಂಡಿ ಕುಡಸ್ರಿ."

ಟವೆಲಿನಲ್ಲಿ ಬರ್ಫ್ ಸುತ್ತಿ, ನಡುವೆ ಕ್ಯಾಮೆರಾ ಇಟ್ಟು ಕೂತರು. ತೆಗೆದು ನೋಡಿದರೆ ಗಾಜಿನ ಒಳಗೆಲ್ಲ ನೀರು. ಬಿಸಿಲಿಗೆ ಬರೀ ಎಚ್ಚರ ತಪ್ಪಿದ್ದ ಕ್ಯಾಮೆರಾ ಉಪಚಾರಕ್ಕೆ ಸತ್ತೇಹೋಯಿತು. ಹೊಟ್ಟೆ ಹಿಡಿದು ನಕ್ಕೆ. ಅವರು ನಗಲಿಲ್ಲ. ಬೀಗರಾಗುವವರ ಎದುರಿಗೆ ಮರ್ಯಾದೆ ಇರಲಿ ಎಂದು ಅದನ್ನು ಟೇಪಿನಿಂದ ಮೊದಲಿನ ಜಾಗಕ್ಕೇ ಅಂಟಿಸಿದರು.

ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ಹಾದು ಸುರಪುರ ಮುಟ್ಟಿದಾಗ ಊಟದ ಹೊತ್ತು. ಹುಡುಗನ ಅಪ್ಪ ಸಣ್ಣ ರೈತರು, ಮಾತಿನ ಮನುಷ್ಯ. ಹೋಳಿಗೆ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಬಡಿಸಿ, "ಮಗಂದು ಕಾಲೇಜಿನ್ಯಾಗ ಪರ್ಮನೆಂಟ್ ನೌಕರಿ ಅದರಿ," ಎಂದು ಎರಡೆರಡು ಸಲ ಹೇಳಿದರು. ಹುಡುಗ ಮಹೇಶ ತಲೆ ತಗ್ಗಿಸಿ ಹೋಳಿಗೆಯನ್ನೇ ನೋಡುತ್ತಿದ್ದ. ನಾಚಿಕೆಯೋ, ಸೊಕ್ಕೋ, ಮತ್ತೇನೋ ನನಗೆ ತಿಳಿಯಲಿಲ್ಲ. ಉಂಡು ಸ್ವಲ್ಪ ಅಡ್ಡಾದೆವು.

ಎದ್ದು ಹೊರಗೆ ಬಂದರೆ, ಅಂಗಳದಲ್ಲಿ ನಿಂತಿದ್ದ ಕಾರಿನ ಬಾಗಿಲಿಗೆ ಉದ್ದಕ್ಕೆ ಗೀರು ಬಿದ್ದಿತ್ತು. ನಮ್ಮವರಿಗೆ ಬೆಳಗಿನಿಂದ ತಡೆದಿಟ್ಟ ಸಿಟ್ಟೆಲ್ಲ ಒಮ್ಮೆಲೆ ಬಂತು.

"ಯಾರ್ ಮಾಡ್ಯಾರ ಎಲ್ಲಾ ಕ್ಯಾಮೆರಾದಾಗ ಅದ! ಚಿತ್ರನೂ ಅದ, ಮಾತೂ ಅದ! ಮನಿಗಿ ಹೋಗಿ ನೋಡ್ತೀನಿ!"

ನಾನು ತೋಳು ಚಿವುಟಿದೆ, ಆಗಲೇ ತಡವಾಗಿತ್ತು. ಮಂದಿಯೆಲ್ಲ ಆ ಸತ್ತ ಡಬ್ಬಿಯನ್ನು ದೇವರನ್ನು ನೋಡಿದಂತೆ ನೋಡಿದರು. ಚಹಾ ಕುಡಿಯಲು ಕರೆದು ಹೇಗೋ ನಮ್ಮವರನ್ನು ಒಳಗೆ ಕೂಡಿಸಿದೆವು.

ನಾನು ಹಿತ್ತಲಿಗೆ ಮುಖ ತೊಳೆಯಲು ಹೋದೆ. ಹಿಂದೆಯೇ ಹುಡುಗನ ಸೋದರತ್ತೆ ಬಂದಳು. "ತಂಗಿ, ಸಿಟ್ಟಾಗಬ್ಯಾಡವ್ವ. ಕಾರಿನ ಮ್ಯಾಲ ಅರಿವಿ ಹಾಸಿ ಸಂಡಿಗಿ ಒಣಗಿಸೀನಿ. ಹಂಚಿನಂಗ ಕಾದಿತ್ತು, ಆಸಿ ತಡೀಲಿಲ್ಲ. ಕ್ಯಾಮೆರಾದಾಗ ನಾ ಬಂದಿದ್ರ ನಿಮ್ಮ ಯಜಮಾನರಿಗೆ ತೋರಸಬ್ಯಾಡ," ಎಂದು ಒಂದು ಪೊಟ್ಟಣ ಸಂಡಿಗೆ ಕೈಗಿಟ್ಟಳು. ಇನ್ನೂ ಬೆಚ್ಚಗಿತ್ತು.

ಅವಳು ಹೋದದ್ದೇ ಹುಡುಗನ ಅಪ್ಪ ಬಂದರು. "ನನ್ನ ಬೈಕ್ ತಿರುಗಿಸುವಾಗ ಹ್ಯಾಂಡಲ್ ತಾಗ್ಯದ ತಂಗಿ. ಬೀಗರ ಕಾರು ಅಂತ ಅಂಜಿ ಹೇಳಲಿಲ್ಲ." ಮೀಸೆಯ ಮನುಷ್ಯ ಹಾಗೆ ಕೈ ಮುಗಿದು ನಿಂತದ್ದು ನೋಡಿ ನನಗೇ ಹೇಗೋ ಆಯಿತು. ಹೋಗಲಿ ಬಿಡಿ ಎಂದೆ.

ಕೊನೆಗೆ ಮಹೇಶ ಬಂದ. ತಂಬಿಗೆ ತುಂಬಿಸುವವನಂತೆ ನೀರಿನ ತೊಟ್ಟಿಯ ಹತ್ತಿರ ನಿಂತ.

"ಅಕ್ಕಾರ, ಕ್ಯಾಮೆರಾದಾಗ ನೀವು ಕೇಳೇ ಕೇಳ್ತೀರಿ. ನೀವು ಮಲಗಿದಾಗ ಕಾರಿನ ಬಾಜೂಕ ನಿಂತು ಅಪ್ಪನ ಜೋಡಿ ಜಗಳಾಡಿದ್ನಿ. ನಂದು ಪರ್ಮನೆಂಟ್ ನೌಕರಿ ಅಲ್ಲರಿ. ವರ್ಷಾ ವರ್ಷಾ ಹೊಸದಾಗಿ ತಗೋತಾರ, ರಜಾದಾಗ ಪಗಾರ ಇಲ್ಲ. ಹೇಳೂನು ಅಂದ್ರ ಅಪ್ಪ ಬ್ಯಾಡ ಅಂದಾನ."

ನನಗೆ ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ ನಿಜ ಹೇಳಿಬಿಟ್ಟೆ. "ಆ ಕ್ಯಾಮೆರಾ ಶಹಾಪುರದ ಬಿಸಲಿಗೇ ಸತ್ತದ. ಅದರಾಗ ಏನೂ ಇಲ್ಲ. ಇದು ಮೊದಲೇ ಗೊತ್ತಿದ್ರ ನೀ ಹೇಳ್ತಿದ್ದೇನು?"

ಅವನು ತುಂಬಿ ಚೆಲ್ಲುತ್ತಿದ್ದ ತಂಬಿಗೆಯನ್ನು ನೋಡಿದ. "ಎದುರಿಗೆ ಹೇಳಾಕ ಧೈರ್ಯ ಆಗ್ತಿರಲಿಲ್ಲೇನೋರಿ. ನಾಳೆ ಸುಜಾತಾಗ ಫೋನ್ ಮಾಡಿ ಹೇಳ್ತಿದ್ದೆ. ಮುಚ್ಚಿಟ್ಟು ಮದುವಿ ಆಗ್ತಿದ್ದಿಲ್ಲ." ಆಮೇಲೆ, "ಕ್ಯಾಮೆರಾ ಸತ್ತದ್ದು ಅಪ್ಪಗ ಹೇಳಬ್ಯಾಡ್ರಿ, ಅದರಿಂದನೇ ನಿಮಗ ಗೊತ್ತಾತು ಅಂದ್ಕೊಳ್ಳಲಿ," ಎಂದ.

ನಗು ತಡೆಯಲಾಗಲಿಲ್ಲ. ಆದರೆ ಹೂಂ ಅನ್ನುವ ಧೈರ್ಯವೂ ಬರಲಿಲ್ಲ. ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಹೇಳಿ ಹೊರಟೆವು. ದಾರಿಯುದ್ದಕ್ಕೂ ನಮ್ಮವರು ಎಲ್ಲರಿಗೂ ಮನಸಾರೆ ಬೈದರು. ನಾನು ಸಂಡಿಗೆ ಹಿಡಿದುಕೊಂಡು, ಸಂಬಳ ನಿಂತ ತಿಂಗಳು ಅವರಿಬ್ಬರು ಹೇಗೆ ದಾಟಿಯಾರು ಎಂದೇ ಯೋಚಿಸುತ್ತಿದ್ದೆ.

ಸುಜಾತಾ ಬಾಗಿಲಲ್ಲೇ ನಿಂತಿದ್ದಳು. ಕೂತು ಎಲ್ಲವನ್ನೂ ಹೇಳಿದೆ, ನೌಕರಿಯದ್ದೂ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ನಾಳೆ ನನಗ ಫೋನ್ ಮಾಡಿ ಹೇಳ್ತಿದ್ದೆ ಅಂದಾನೇನು?"

"ಹೌದವ್ವ, ಹಂಗೇ ಅಂದಾನ."

"ನಾಳಿತನಕ ಯಾಕ?" ಎಂದು ನನ್ನ ಕೈಯಿಂದ ಫೋನು ಕಸಿದುಕೊಂಡು ಮಾಳಿಗೆ ಹತ್ತಿದಳು. ಅಕ್ಕಿ ಬೇಯಲು ಇಟ್ಟು ನಾನು ಕೆಳಗೇ ಕೂತೆ. ಅನ್ನ ಆರಿದ ಮೇಲೂ ಅವಳು ಮಾತು ಮುಗಿಸಿ ಇಳಿದು ಬರಲಿಲ್ಲ.