ಅವಸರವಿಲ್ಲದ ದನಿ

ಲೆಗಿನಾ ಹಾಡು ಕಲಿತದ್ದು ಒಂದೇ ಒಂದು ಕ್ಯಾಸೆಟ್ಟಿನಿಂದ. ಮದುವೆಯಾದ ಹೊಸದರಲ್ಲಿ ಗಂಡ ಪಾರ್ದಿ ಕ್ಲಾತೆನ್ ಪೇಟೆಯಿಂದ ಯಾರೋ ಬಳಸಿ ಬಿಟ್ಟ ಟೇಪ್‌ರೆಕಾರ್ಡರ್ ತಂದಿದ್ದ. ಅದರ ಜೊತೆಗೆ ಬಂದ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಇಬ್ಬರ ಚಿತ್ರವಿತ್ತು. ಹಾಡು ಕಟ್ಟಿದವರು ಕಿ ಗಂದಸುದಿರ, ಹಾಡಿದವರು ನ್ಯಿ ತುಗಿರಾ; ಕಿ, ನ್ಯಿ ಎರಡೂ ಕಲಾವಿದರ ಹೆಸರಿಗೆ ಸೇರಿಸುವ ಗೌರವದ ಮಾತುಗಳು. ಮೊದಲ ದಿನ ಆ ದನಿ ಕೇಳಿದಾಗ ಲೆಗಿನಾ ಒಲೆಯ ಮೇಲಿನ ಅನ್ನ ಮರೆತಳು. ರೇಡಿಯೋದಲ್ಲಿ ಹಾಡುವವರೆಲ್ಲ ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಹಾಡುತ್ತಿದ್ದರು. ಈ ದನಿಗೆ ಹೋಗಬೇಕಾದ ಊರೇ ಇರಲಿಲ್ಲ. ಆಳದಿಂದ ಏಳುತ್ತಿತ್ತು, ಬೇಕಾದಷ್ಟು ಹೊತ್ತು ನಿಲ್ಲುತ್ತಿತ್ತು, ಹಿಮ್ಮೇಳದ ಗಂಟೆಯ ನಾದ ಪೂರ್ತಿ ಕರಗಿದ ಮೇಲಷ್ಟೇ ಮುಂದಿನ ಮಾತು ಎತ್ತುತ್ತಿತ್ತು.

ಹನ್ನೊಂದು ವರ್ಷ ಅವಳು ಅದನ್ನೇ ಅಭ್ಯಾಸ ಮಾಡಿದಳು. ಹಗಲು ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿ ಎಲೆ ಪೋಣಿಸುವ ಕೆಲಸ. ಸೂಜಿಯ ಜೊತೆ ಅವಳ ಹಾಡೂ ನಡೆಯುತ್ತಿತ್ತು.

“ಲೆಗಿನಾ, ನಿನ್ನ ಹಾಡು ಕೇಳಿ ಕೇಳಿ ಇವರ ಕೈಗೂ ನಿದ್ದೆ ಬಂದಿದೆ. ಏನಾದ್ರೂ ಕುಣಿಯೋ ಅಂಥದ್ದು ಹೇಳೇ,” ಎನ್ನುತ್ತಿದ್ದ ಮೇಸ್ತ್ರಿ.

“ನೀವು ಕುಣಿಯೋದಾದ್ರೆ ಹೇಳ್ತೀನಿ ಮೇಸ್ತ್ರಿ,” ಎನ್ನುತ್ತಿದ್ದಳು ಅವಳು. ಹೆಂಗಸರು ನಗುತ್ತಿದ್ದರು.

ಗಮೆಲಾನ್ ಮೇಳದ ಮುಂದೆ ಚಾಪೆಯ ಮೇಲೆ ಕೂತು, ಅಷ್ಟೂ ಕಂಚಿನ ವಾದ್ಯಗಳ ಎದುರು ಹಾಡಬೇಕೆಂಬುದು ಅವಳ ಆಸೆ. ಮೂವತ್ತೆರಡನೆಯ ವಯಸ್ಸಿನಲ್ಲಿ ಆ ದಿನ ಬಂತು. ಊರ ಮುಖ್ಯಸ್ಥನ ಮಗಳ ಮದುವೆಯ ಮಧ್ಯಾಹ್ನ ಮೇಳದ ಹಾಡುಗಾರ್ತಿಗೆ ಜ್ವರ. ಮದ್ದಳೆ ನುಡಿಸುವ ಮುದುಕ ರಕ್ಸ ಅಜ್ಜ ತಾನೇ ಮನೆಗೆ ಬಂದ. “ತುಗಿರಾ ಕ್ಯಾಸೆಟ್ಟು ಪೂರ್ತಿ ಬಾಯಿಪಾಠ ಅಂತಲ್ಲ ನಿಂಗೆ? ಹೊರಡು ಹಾಗಾದ್ರೆ,” ಎಂದ. ಪಾರ್ದಿ ಪಕ್ಕದ ಮನೆಯಿಂದ ಹಸಿರು ಕುಪ್ಪಸವೊಂದನ್ನು ಕೇಳಿ ತಂದುಕೊಟ್ಟ.

ಮೇಳ ಅವಳಿಗೆ ಪ್ರಿಯವಾದ ಹಾಡನ್ನೇ ಎತ್ತಿಕೊಂಡಿತು. ಆದರೆ ಶ್ರುತಿ ಅವಳಿಗೆ ಗೊತ್ತಿದ್ದದ್ದಕ್ಕಿಂತ ಎರಡು ಮೆಟ್ಟಿಲು ಮೇಲಿತ್ತು. ಮೊದಲ ಸಾಲನ್ನು ಹೇಗೋ ಹತ್ತಿದಳು. ಎರಡನೆಯದರಲ್ಲಿ ಉಸಿರು ಸಾಲಲಿಲ್ಲ. ಅವಳು ಒಂದು ಮಾತನ್ನು ಮುಗಿಸುವಷ್ಟರಲ್ಲಿ ಮೇಳ ಗಂಟೆ ಹೊಡೆದು ಮುಂದೆ ಹೋಗಿಬಿಟ್ಟಿತ್ತು. ಮೂರನೆಯ ಸಾಲಿನ ತುದಿಯಲ್ಲಿ ದನಿ ಒಡೆಯಿತು. ಊಟದ ಸಾಲಿನಲ್ಲಿದ್ದವರು ತಿರುಗಿ ನೋಡಿದರು. “ಎಮ್ಮೆ ಹಿಂದೆ ನಡ್ಕೊಂಡು ಬರ್ತಿದಾಳೇನೋ,” ಎಂದ ಹಿಂದಿನಿಂದ ಒಬ್ಬ. ಉಳಿದ ಹೊತ್ತೆಲ್ಲ ಅವಳು ಬಾಯಿ ಮಾತ್ರ ಆಡಿಸುತ್ತ ಕೂತಳು.

ರಕ್ಸ ಅಜ್ಜ ಬೈಯಲಿಲ್ಲ. ಮರುದಿನ ತನ್ನ ಮನೆಗೆ ಕರೆದು ಅದೇ ಕ್ಯಾಸೆಟ್ಟನ್ನು ತನ್ನ ಟೇಪ್‌ರೆಕಾರ್ಡರಿಗೆ ಹಾಕಿದ. ತೆಳುವಾದ, ಚುರುಕಾದ, ಎತ್ತರದ ದನಿಯೊಂದು ಹಾಡಿತು.

“ಇದು ಬೇರೆ ಯಾರೋ,” ಎಂದಳು ಲೆಗಿನಾ.

“ತುಗಿರಾನೇ ಕಣಮ್ಮ. ನಿನ್ನ ಮಿಷಿನ್ನು ನಿಧಾನಕ್ಕೆ ಓಡ್ತಿದೆ. ಒಳಗಿನ ರಬ್ಬರ್ ಪಟ್ಟಿ ಸಡಿಲ ಆಗಿರ್ಬೇಕು.”

ಮನೆಗೆ ಬಂದು ಗಂಡನಿಗೆ ಅಷ್ಟನ್ನೇ ಹೇಳಿದಳು. ಆ ವಾರವೆಲ್ಲ ಕೊಟ್ಟಿಗೆಯಲ್ಲಿ ತುಟಿ ಬಿಚ್ಚಲಿಲ್ಲ.

ನ್ಯಿ ತುಗಿರಾ ಹಾಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಸೋಲೊ ನಗರದ ಓಣಿಯೊಂದರಲ್ಲಿ ಮಗಳ ಮನೆಯಲ್ಲಿದ್ದಾರೆಂದು ರಕ್ಸ ಅಜ್ಜನೇ ಹೇಳಿದ್ದ. ರಜೆಯ ದಿನ ಲೆಗಿನಾ ಒಂದು ಬಾಳೆಗೊನೆ ಹಿಡಿದು ಬಸ್ಸು ಹತ್ತಿದಳು. ಮುದುಕಿ ಮುಂದಿನ ಕೋಣೆಯಲ್ಲಿ ಕಾಲು ಚಾಚಿಕೊಂಡು ಹುರುಳಿಕಾಯಿ ಮುರಿಯುತ್ತಿದ್ದಳು.

“ಬು, ಅಮ್ಮಾ, ನಾನು ನಿಮ್ಮ ಶಿಷ್ಯೆ,” ಎಂದಳು ಲೆಗಿನಾ.

“ನಂಗೆ ಶಿಷ್ಯೆಯರೇ ಇರಲಿಲ್ವಲ್ಲ ತಾಯಿ.”

“ಕ್ಯಾಸೆಟ್ಟಿಂದ ಕಲಿತೆ, ಬು. ನನ್ನ ದನಿ ಮೇಲಕ್ಕೆ ಹೋಗಲ್ಲ. ಏನಾದ್ರೂ ದಾರಿ ಇದ್ರೆ ಹೇಳಿ.”

“ಹಾಡು, ಕೇಳೋಣ.”

ಲೆಗಿನಾ ತನಗೆ ಗೊತ್ತಿದ್ದ ಹಾಗೆಯೇ ಹಾಡಿದಳು. ಮುದುಕಿಯ ಕೈ ಮೊರದಲ್ಲಿ ಹಾಗೆಯೇ ನಿಂತಿತು. ಹಾಡು ಮುಗಿದ ಮೇಲೆ ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಇದು ನನ್ನದಲ್ಲ,” ಎಂದಳು. “ನಾನು ಯಾವತ್ತೂ ಹೀಗೆ ಹಾಡಿದವಳಲ್ಲ. ನಂಗೆ ಚಿಕ್ಕಂದಿನಿಂದ ಅವಸರ. ಗಂದಸುದಿರ ನನ್ನ ಹಿಂದೆ ಕೂತು ಬೆನ್ನಿಗೆ ಬೆರಳಿಂದ ಚುಚ್ಚೋರು. ನಿಲ್ಲೇ, ನಿಲ್ಲೇ, ಗಂಟೆ ಸಾಯ್ಲಿ ಬಿಡೇ ಅನ್ನೋರು. ನನ್ನ ಕೈಲಾಗ್ಲಿಲ್ಲ. ಕ್ಯಾಸೆಟ್ಟು ಹೊರಗೆ ಬಂದ ದಿನ ಅವರು ಅದನ್ನ ಪೂರ್ತಿ ಕೇಳ್ಲೂ ಇಲ್ಲ. ಎದ್ದು ಹೊರಟೋದ್ರು. ಅವರ ಮನಸ್ಸಲ್ಲಿದ್ದದ್ದು ಇದು, ನೀನೀಗ ಹಾಡಿದ್ದು.”

ಲೆಗಿನಾಳ ಎದೆ ಹಗುರಾಗುವುದರಲ್ಲಿತ್ತು. “ಅವರೀಗ ಎಲ್ಲಿದಾರೆ, ಬು?”

“ತೀರ್ಕೊಂಡು ಇಪ್ಪತ್ತು ವರ್ಷ ಆಯ್ತು.”

“ಹಾಗಾದ್ರೆ ನಾನು ಹೀಗೇ ಹಾಡ್ಬಹುದಾ?”

“ಯಾವ ಮೇಳದ ಜೊತೆ ಹಾಡ್ತೀಯ? ಅಷ್ಟು ಕೆಳಗಿನ ಶ್ರುತಿಯ ಕಂಚು ಯಾರ ಮನೇಲೂ ಇಲ್ಲ. ಕರಗಿಸಿ ಹೊಸದಾಗಿ ಎರಕ ಹೊಯ್ಸೋ ಅಂಥ ಅರಸರೂ ಈಗಿಲ್ಲ. ನನ್ನ ಹಾಗೆ ಹಾಡೋಕೆ ನಿಂಗೆ ಗಂಟಲು ಇಲ್ಲ. ನಾನೇನು ಹೇಳ್ಲಿ ಮಗಳೇ?”

ಇನ್ನೊಮ್ಮೆ ಹಾಡು ಎಂದಳು ಮುದುಕಿ. ಲೆಗಿನಾ ಹಾಡಿದಳು. ನಡುವೆಯೇ ತುಗಿರಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಳಗಿನಿಂದ ಬಂದ ಮಗಳು ಗಾಬರಿಯಿಂದ ಲೆಗಿನಾಳನ್ನು ದಿಟ್ಟಿಸಿದಳು.

“ಬೇಜಾರು ಮಾಡ್ಕೋಬೇಡ,” ಎಂದಳು ಮುದುಕಿ ಅವಳು ಹೊರಡುವಾಗ. “ಇನ್ನು ಬರಬೇಡ ಇಲ್ಲಿಗೆ. ಈ ವಯಸ್ಸಲ್ಲಿ ಇದನ್ನ ಕೇಳೋಕೆ ನನ್ನ ಕೈಲಾಗಲ್ಲ.”

ಬಸ್ಸಿನಲ್ಲಿ ಅವಳು ಒಂದೇ ಯೋಚನೆ ಹಿಡಿದು ಕೂತಿದ್ದಳು. ಮೇಳವಿಲ್ಲದಿದ್ದರೆ ಬೇಡ, ಕ್ಯಾಸೆಟ್ಟೂ ನಿಧಾನಕ್ಕೆ ಓಡುವ ಆ ಟೇಪ್‌ರೆಕಾರ್ಡರೂ ಇವೆ. ಕಟ್ಟಿದವರ ಮನಸ್ಸಿನಲ್ಲಿದ್ದ ಹಾಡು ಈ ಭೂಮಿಯ ಮೇಲೆ ತನ್ನ ಮನೆಯಲ್ಲೊಂದೇ ಇದೆ.

ಪಾರ್ದಿ ಬಾಗಿಲಲ್ಲೇ ಕಾಯುತ್ತಿದ್ದ. ಮುಖದಲ್ಲಿ ಸಂತೋಷ ತುಳುಕುತ್ತಿತ್ತು. “ಒಳಗೆ ಬಾ, ಕೇಳು,” ಎಂದು ಗುಂಡಿ ಒತ್ತಿದ. ತೆಳುವಾದ, ಚುರುಕಾದ ದನಿ ಹೊರಟಿತು. “ಹೊಸ ಪಟ್ಟಿ ಹಾಕಿಸ್ದೆ. ಆ ದಿನದಿಂದ ನಿನ್ನ ಮುಖ ನೋಡಕ್ಕಾಗ್ತಿರಲಿಲ್ಲ. ಇನ್ಮೇಲೆ ಸರಿಯಾಗಿ ಕಲಿಬಹುದು.”

“ಹಳೇದೆಲ್ಲಿ, ಕಾಂಗ್?” ಎಂದು ಗಂಡನನ್ನು ಕೇಳಿದಳು ಲೆಗಿನಾ.

“ಯಾವುದು, ಪಟ್ಟೀನಾ? ಅದು ಬಿಚ್ಚೋವಾಗ್ಲೇ ತುಂಡಾಯ್ತು. ಯಾಕೆ?”

“ಏನಿಲ್ಲ,” ಎಂದಳು ಲೆಗಿನಾ. ಅವನು ಅಷ್ಟು ಆಸೆಯಿಂದ ನೋಡುತ್ತಿದ್ದ. ಹಾಡು ಮುಗಿಯುವವರೆಗೂ ಅವನ ಪಕ್ಕದಲ್ಲಿ ಕೂತು ಕೇಳಿದಳು.

ಮತ್ತೆ ಯಾವ ಮೇಳವೂ ಅವಳನ್ನು ಕರೆಯಲಿಲ್ಲ. ಕೊಟ್ಟಿಗೆಯಲ್ಲಿ ಹೆಂಗಸರು ಒತ್ತಾಯ ಮಾಡಿದರೆ ಒಂದೆರಡು ಸಾಲು ಹೇಳುತ್ತಾಳೆ. ಮೊದಮೊದಲು ಆ ಆಳದ ದನಿ ತಾನಾಗಿ ಬರುತ್ತಿತ್ತು. ಈಗ ನಡುವೆ ನಿಂತುಬಿಡುತ್ತಾಳೆ.

“ಯಾಕಕ್ಕಾ ನಿಲ್ಲಿಸಿದೆ?” ಎಂದು ಕೇಳಿದಳು ಒಮ್ಮೆ ಪಕ್ಕದವಳು.

“ಇಲ್ಲಿ ಎಷ್ಟು ಹೊತ್ತು ನಿಲ್ಬೇಕು ಅನ್ನೋದು ಮರೀತಾ ಇದೆ ಕಣೇ,” ಎಂದಳು ಲೆಗಿನಾ. “ಕೇಳೋಣ ಅಂದ್ರೆ ಯಾರೂ ಇಲ್ಲ.” ಸೂಜಿಗೆ ಮುಂದಿನ ಎಲೆ ಪೋಣಿಸಿದಳು.